ಗೇಟಿನೊಳಗೆ ಮಿಸ್, ಗೇಟಿನಾಚೆ ಅತ್ತೆ

ಜುಲೈ 3

ಅತ್ತಿಗೆಗೆ ನಮಸ್ಕಾರ.

ನಮ್ಮ ಗುಂಡಿ ಆಸ್ಪತ್ರೆಯಿಂದ ಮನೆಗೆ ಬಂದಳಲ್ಲ, ಮನಸ್ಸಿಗೆ ನೆಮ್ಮದಿಯಾಯಿತು. ನೀವು ಬಸ್ಸು ಓಡಿಸುವಷ್ಟು ಹೊತ್ತು ನಿಮ್ಮ ಫೋನು ಡಿಪೋದ ಕಪಾಟಿನಲ್ಲಿರುತ್ತದೆ. ಸಂಜೆ ಮಾಡೋಣವೆಂದರೆ ಎರಡು ಮಾತಾಗುವಷ್ಟರಲ್ಲಿ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ. ನಾದಿನಿ ಅತ್ತಿಗೆ ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ! ಅದಕ್ಕೇ ಕಾಗದ. ಇದನ್ನು ಅಣ್ಣನ ಟೈಲರಿಂಗ್ ಅಂಗಡಿಯಲ್ಲಿ ಕೊಟ್ಟುಹೋಗುತ್ತೇನೆ. ಇನ್ನು ಮುಂದಿನದೆಲ್ಲ ಗುಂಡಿಯ ಬ್ಯಾಗಿನಲ್ಲೇ ಹೋಗಿ ಬರಲಿ.

ಹೆಡ್ ಸರ್ ಹತ್ತಿರ ಮಾತಾಡಿದೆ. ಏಳು ವರ್ಷದ ಹುಡುಗಿಗೆ ಸಕ್ಕರೆ ಕಾಯಿಲೆ ಎಂದರೆ ಅವರು ನಂಬಲೇ ಇಲ್ಲ. "ಅದು ನನ್ನಂಥವರಿಗೆ ಬರೋದಲ್ವೇನಮ್ಮಾ?" ಎಂದು ತಮ್ಮ ಹೊಟ್ಟೆ ತಡವಿಕೊಂಡರು. ಇದು ಬೇರೆ ಬಗೆಯದು, ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ಅವಳ ಮೈಯಲ್ಲಿ ಇನ್ಸುಲಿನ್ ಆಗುವುದೇ ನಿಂತಿದೆ, ಊಟಕ್ಕೆ ಮುಂಚೆ ಪ್ರತಿಸಲ ಚುಚ್ಚಲೇಬೇಕು ಎಂದು ವಿವರಿಸಿದೆ. ಎಲ್ಲ ಕೇಳಿ, ಶಾಲೆಯ ಕಾಂಪೌಂಡಿನೊಳಗೆ ಯಾವ ಟೀಚರೂ ಯಾವ ಮಗುವಿಗೂ ಔಷಧಿಯಾಗಲಿ ಸೂಜಿಯಾಗಲಿ ಕೊಡುವಂತಿಲ್ಲ ಎಂಬ ನಿಯಮ ತೆಗೆದು ತೋರಿಸಿದರು. ಮನೆಯವರೇ ಬರಬೇಕಂತೆ.

"ಸರ್, ನಾನೇ ಅವಳ ಸ್ವಂತ ಅತ್ತೆ" ಎಂದೆ.

"ಬೆಲ್ಲಿಂದ ಬೆಲ್ಲಿನವರೆಗೆ ನೀವು ಟೀಚರು. ಅತ್ತೆಗಿತ್ತೆ ಎಲ್ಲಾ ಗೇಟಿನಾಚೆ" ಎಂದರು.

ಸರಿ, ಅವರ ಮಾತನ್ನೇ ಹಿಡಿದುಕೊಂಡೆ. ಊಟದ ಬೆಲ್ಲಾದ ಕೂಡಲೇ ಸಹಿ ಹಾಕಿ ಅವಳನ್ನು ಗೇಟಿನಾಚೆ ಕರೆದುಕೊಂಡು ಹೋಗುತ್ತೇನೆ. ಎದುರಿನ ಬಸ್ ತಂಗುದಾಣದ ಬೆಂಚಿನ ಮೇಲೆ ಬೆರಳು ಚುಚ್ಚಿ ಶುಗರ್ ನೋಡಿ, ಸೂಜಿ ಹಾಕಿ, ಮತ್ತೆ ಒಳಗೆ ಕರೆತಂದು ಡಬ್ಬಿ ತೆರೆಸುತ್ತೇನೆ. ಹೆಡ್ ಸರ್ ಬಹಳ ಹೊತ್ತು ಯೋಚಿಸಿದರು. ಬೇಡ ಎನ್ನುವುದಕ್ಕೆ ನಿಯಮ ಸಿಗಲಿಲ್ಲ.

ಒಂದು ಮಾತು. ಕ್ಲಾಸಿನಲ್ಲಿ ಅವಳು ನನ್ನನ್ನು ಮಿಸ್ ಎಂದೇ ಕರೆಯಬೇಕು. ಎರಡನೇ ಕ್ಲಾಸಿನ ಮಕ್ಕಳ ಕಣ್ಣಿಗೆ ಏನೂ ತಪ್ಪುವುದಿಲ್ಲ, ನಮ್ಮ ಮನೆಯ ಹುಡುಗಿಗೆ ಒಂದು ಲೆಕ್ಕ ಅವರಿಗೆ ಒಂದು ಲೆಕ್ಕ ಎನಿಸಬಾರದು. ಪಾಠ, ಹೋಮ್‌ವರ್ಕು ಮಿಸ್ಸಿನ ವಿಷಯ. ಸೂಜಿ, ಶುಗರು ಅತ್ತೆಯ ವಿಷಯ. ಇದನ್ನು ನೀವೂ ಅವಳ ತಲೆಗೆ ಚೆನ್ನಾಗಿ ತುಂಬಿ.

ನಿಮ್ಮ ನಾದಿನಿ


ಜುಲೈ 5

ಟೀಚರಮ್ಮನಿಗೆ,

ಕಾಗದ ಸಿಕ್ಕಿತು. ನಿಮ್ಮ ಹೆಡ್ ಸರ್ ಬುದ್ಧಿಗೆ ಏನನ್ನಬೇಕೋ ತಿಳಿಯದು. ಆದರೆ ನನಗೂ ಬೇರೆ ದಾರಿಯಿಲ್ಲ. ಊಟದ ಹೊತ್ತಿಗೆ ನನ್ನ ಬಸ್ಸು ಊರಿನ ಯಾವ ಮೂಲೆಯಲ್ಲಿರುತ್ತದೋ. ನಿಮ್ಮಣ್ಣನ ಕಥೆಯಂತೂ ಕೇಳಲೇಬೇಡ. ಸೂಜಿ ಹಿಡಿದೇ ಬದುಕುವ ಮನುಷ್ಯ, ಮಗಳ ಹೊಟ್ಟೆಗೆ ಸೂಜಿ ಎಂದ ಕೂಡಲೇ ಬೆವೆತು ಗೋಡೆ ಹಿಡಿದು ಕೂತುಬಿಟ್ಟರು. ನರ್ಸು ಮಗುವನ್ನು ಬಿಟ್ಟು ಅಪ್ಪನಿಗೆ ನೀರು ಕುಡಿಸಬೇಕಾಯಿತು. ಅವಳು ಎರಡು ವರ್ಷದವಳಿದ್ದಾಗ ಇವರ ಅಂಗಡಿಯಲ್ಲಿ ಅಂಗಿ ಗುಂಡಿ ನುಂಗಿ ಆ ಹೆಸರು ಗಿಟ್ಟಿಸಿಕೊಂಡಳಲ್ಲ, ಆಗಲೂ ಆಸ್ಪತ್ರೆಯಲ್ಲಿ ಮಲಗಿಸಿದ್ದು ಇವರನ್ನೇ.

ನರ್ಸು ಹೇಳಿದ್ದನ್ನು ಹೇಳುತ್ತೇನೆ, ನೆನಪಿಟ್ಟುಕೋ. ಸೂಜಿ ಹಾಕಿದ ಮೇಲೆ ಊಟ ತಡವಾಗಬಾರದು. ಓಡಿ ಆಡಿ ದಣಿದರೆ ಶುಗರು ಇಳಿಯಬಹುದು. ಇಳಿದಾಗ ಕಾಯುವ ಹಾಗಿಲ್ಲ. ಕೈ ನಡುಗುತ್ತದೆ, ಬೆವರುತ್ತಾಳೆ, ಮಂಕಾಗುತ್ತಾಳೆ. ಆಗ ಇದ್ದಲ್ಲೇ ಸಿಹಿ ಕುಡಿಸಬೇಕು. ಸಕ್ಕರೆ ಕಾಯಿಲೆಗೆ ಸಿಹಿಯೇ ಎಂದು ಹುಬ್ಬೇರಿಸಬೇಡ, ಆಗ ಅದೇ ಔಷಧಿ. ಬ್ಯಾಗಿನ ಮುಂದಿನ ಜೇಬಿನಲ್ಲಿ ಹಣ್ಣಿನ ರಸದ ಪೊಟ್ಟಣ ಇಟ್ಟಿರುತ್ತೇನೆ.

ಇಳಿಯುವುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವಳಿಗೆ. ಅವಳು ಬಾಯಿಬಿಟ್ಟು ಹೇಳಬೇಕು. ನನಗೆ ಇರುವ ಭಯ ಅದೊಂದೇ.

ನೀನು ಹೇಳಿದ್ದನ್ನು ತಲೆಗೆ ತುಂಬಿದ್ದೇನೆ. ನಿನ್ನೆಯಿಂದ "ಗೇಟಿನೊಳಗೆ ಮಿಸ್, ಗೇಟಿನಾಚೆ ಅತ್ತೆ" ಎಂದು ಮನೆಯೆಲ್ಲ ಕುಣಿಯುತ್ತಿದ್ದಾಳೆ. "ಗೇಟ್ ಮೇಲೆ ಹತ್ತಿ ಕೂತ್ರೆ?" ಎಂದು ಕೇಳಿದಳು. ಹತ್ತಿದರೆ ಕಾಲು ಮುರಿಯುತ್ತೇನೆ ಎಂದಿದ್ದೇನೆ.

ಅತ್ತಿಗೆ


ಜುಲೈ 26

ಅತ್ತಿಗೆಗೆ,

ಮೂರು ವಾರವಾಯಿತು, ವರದಿ ಒಪ್ಪಿಸುತ್ತಿದ್ದೇನೆ. ಬಸ್ ತಂಗುದಾಣದ ನಮ್ಮ ಆಸ್ಪತ್ರೆ ಚೆನ್ನಾಗಿ ನಡೆದಿದೆ. ಕಾಯಂ ಗಿರಾಕಿಗಳೂ ಆಗಿದ್ದಾರೆ. ದಿನಾ ಅದೇ ಹೊತ್ತಿಗೆ ಬಸ್ಸಿಗೆ ಕಾಯುವ ಒಬ್ಬ ಕೊಡೆ ತಾತ ಇದ್ದಾರೆ. ನಾನು ಸೂಜಿ ತೆಗೆದ ಕೂಡಲೇ ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಚ್ಚಿ ರಸ್ತೆಗೆ ಮರೆ ಮಾಡಿ ಹಿಡಿಯುತ್ತಾರೆ, ತಾವು ಮಾತ್ರ ಆಚೆ ಮುಖ ಮಾಡಿರುತ್ತಾರೆ. ಒಬ್ಬ ಹೆಂಗಸು "ಅಯ್ಯೋ ಪಾಪ, ಇಷ್ಟು ಚಿಕ್ಕ ವಯಸ್ಸಿಗೆ" ಎಂದು ರಾಗ ಎಳೆದದ್ದಕ್ಕೆ ಗುಂಡಿ, "ನಿಮಗೂ ಹಾಕಬೇಕಾ ಆಂಟಿ?" ಎಂದಳು. ಆಕೆ ಆಗ ಬಂದ ಬಸ್ಸು ಹತ್ತಿಕೊಂಡು ಹೋದರು. ಯಾವ ಬಸ್ಸೆಂದೂ ನೋಡಿದಂತೆ ಕಾಣಲಿಲ್ಲ.

ಮಿಸ್ ಮತ್ತು ಅತ್ತೆಯ ವ್ಯವಹಾರದಲ್ಲಿ ಅವಳು ನನಗಿಂತ ಕಟ್ಟುನಿಟ್ಟು. ನಿನ್ನೆ ಹೋಮ್‌ವರ್ಕ್ ಮಾಡಿರಲಿಲ್ಲ, ಎಲ್ಲರ ಮುಂದೆ ಬೈದು ನಿಲ್ಲಿಸಿದೆ. ಬೆಲ್ಲಾಯಿತು, ಗೇಟು ದಾಟಿದೆವು, ಬೆಂಚಿನ ಮೇಲೆ ಕೂತಳು.

"ಅತ್ತೆ, ಇವತ್ತು ಮಿಸ್ ನನ್ನ ಬೈದ್ರು."

"ಹೌದಾ? ಯಾಕಂತೆ?"

"ಹೋಮ್‌ವರ್ಕ್ ಮಾಡಿರ್ಲಿಲ್ಲ. ಪಕ್ಕದವಳಿಗೂ ಅಷ್ಟೇ ಬೈದ್ರು. ಸೇಮ್."

ಅದೇನು ಹೆಮ್ಮೆಯೋ ಮುಖದಲ್ಲಿ! ನಾನೂ ಮಿಸ್ಸನ್ನು ಸ್ವಲ್ಪ ಬೈದು ಸಮಾಧಾನ ಮಾಡಿದೆ.

ನಿಮ್ಮ ನಾದಿನಿ


ಆಗಸ್ಟ್ 8

ಟೀಚರಮ್ಮನಿಗೆ,

ಈ ವಾರ ನನಗೆ ನಿಮ್ಮ ಶಾಲೆಯ ಮುಂದಿನ ದಾರಿ ಹಾಕಿದ್ದಾರೆ. ನಿನ್ನೆ ಊಟದ ಹೊತ್ತಿಗೆ ಸರಿಯಾಗಿ ಬಂದೆ. ಕೊಡೆಯೂ ಕಂಡಿತು, ಅದರ ಕೆಳಗೆ ಎರಡು ಜೊತೆ ಕಾಲೂ ಕಂಡವು. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು. ಕಂಡಕ್ಟರ್ ಸೀಟಿ ಊದಿದ. ನಾನು ಗಾಡಿ ತೆಗೆದೆ. ಮುಂದಿನ ನಿಲ್ದಾಣ ಮರೆತೇಹೋಗಿ ಜನರ ಕೈಯಲ್ಲಿ ಬೈಸಿಕೊಂಡೆ.

ಆ ಸೂಜಿ ನಾನು ಹಾಕಬೇಕಿತ್ತು. ನಿನ್ನ ಮೇಲೆ ಹೊಟ್ಟೆಕಿಚ್ಚು ಎಂದೇ ಇಟ್ಟುಕೋ, ನನಗೇನೂ ನಾಚಿಕೆಯಿಲ್ಲ.

ಇನ್ನೊಂದು ವಿಷಯ. ಮನೆಯಲ್ಲಿ ಅವಳಿಗೆ ಆಗಾಗ ಶುಗರು ಇಳಿಯುತ್ತದೆ. "ಅಮ್ಮಾ, ನಡುಕ" ಎಂದು ತಾನೇ ಬಂದು ಹೇಳುತ್ತಾಳೆ. ಶಾಲೆಯಲ್ಲಿ ಒಮ್ಮೆಯೂ ಆಗಿಲ್ಲವೇ? ಜೇಬಿನ ಪೊಟ್ಟಣ ಹೋದ ಹಾಗೆಯೇ ವಾಪಸು ಬರುತ್ತಿದೆ.

ಅತ್ತಿಗೆ


ಆಗಸ್ಟ್ 9

ಅತ್ತಿಗೆಗೆ,

ಆಗಿಲ್ಲ. ಆಗಿದ್ದರೆ ಹೇಳುತ್ತಿದ್ದಳು. ಬಾಯಿ ಎಂಥದ್ದು ಎಂದು ನಿಮಗೆ ಗೊತ್ತಿಲ್ಲವೇ? ಶಾಲೆಯ ಹೊತ್ತು ಅವಳಿಗೆ ಹೊಂದಿಕೊಂಡಿದೆ ಎಂದೇ ನನ್ನ ಎಣಿಕೆ. ನೆಮ್ಮದಿಯಾಗಿ ಬಸ್ಸು ಓಡಿಸಿ.

ನಿಮ್ಮ ನಾದಿನಿ


ಆಗಸ್ಟ್ 29

ಅತ್ತಿಗೆಗೆ,

ಅಣ್ಣನಿಂದ ವಿಷಯ ತಿಳಿದಿರುತ್ತದೆ. ನನ್ನ ಬಾಯಿಂದಲೂ ನಿಮಗೆ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತು ಊಟಕ್ಕೆ ಮುಂಚಿನ ಪೀರಿಯಡ್ ಉಕ್ತಲೇಖನ. ಅದಕ್ಕೆ ಮೊದಲು ಮಕ್ಕಳು ಮೈದಾನದಲ್ಲಿ ಓಡಿ ಬಂದಿದ್ದರು. ನಾನು ಪದ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಡೆಸ್ಕಿನ ಮೇಲೆ ತಲೆಯಿಟ್ಟಳು. "ಮಲಗೋದು ಮನೇಲಿ, ಎದ್ದು ಕೂತ್ಕೋ" ಎಂದೆ. ಎದ್ದು ಕೂತಳು. ಮತ್ತೆ ತಲೆಯಿಟ್ಟಳು. ಆಗ ಪಕ್ಕದವಳು, "ಮಿಸ್, ಇವಳ ಕೈ ಒದ್ದೆ ಒದ್ದೆ ಇದೆ" ಎಂದಳು.

ಹೋಗಿ ಮುಟ್ಟಿದರೆ ಮೈಯೆಲ್ಲ ತಣ್ಣನೆಯ ಬೆವರು. ಪೆನ್ಸಿಲ್ ಹಿಡಿದ ಕೈ ಹಾಗೇ ನಡುಗುತ್ತಿತ್ತು. ಕರೆದರೆ ಕಣ್ಣು ಬಿಟ್ಟಳು, ಆದರೆ ಯಾರೆಂದು ಗುರುತು ಹಿಡಿಯಲು ಕಷ್ಟಪಡುತ್ತಿದ್ದಳು. ಕೂರಿಸಿ ಹಿಡಿದು, ನುಂಗುತ್ತಿದ್ದಾಳೆಂದು ನೋಡಿಕೊಂಡು, ಜ್ಯೂಸ್ ಗುಟುಕು ಗುಟುಕಾಗಿ ಕುಡಿಸಿದೆ. ಬೆರಳು ಚುಚ್ಚಿ ನೋಡಿದಾಗ ಬಂದ ಅಂಕಿ ಅಣ್ಣನಿಗೆ ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. ಈಗ ಏನೂ ತೊಂದರೆಯಿಲ್ಲ ಎಂದು ಡಾಕ್ಟರೂ ಹೇಳಿದ್ದಾರೆ.

"ಯಾಕೆ ಮೊದಲೇ ಹೇಳಲಿಲ್ಲ?" ಎಂದು ಕೇಳಿದೆ.

"ಬೆಲ್ ಆದ್ಮೇಲೆ ಅತ್ತೆಗೆ ಹೇಳೋಣ ಅಂತಿದ್ದೆ ಮಿಸ್" ಎಂದಳು.

ಇದಕ್ಕೆ ಮುಂಚೆಯೂ ಹೀಗೆ ಆಗಿತ್ತಂತೆ. ಆಗೆಲ್ಲ ಬೆಲ್ಲಿನವರೆಗೆ ಹಲ್ಲು ಕಚ್ಚಿ ಕೂತಿದ್ದಳಂತೆ. ಅಷ್ಟರಲ್ಲಿ ಊಟ ಸಿಕ್ಕಿ ಸರಿಹೋಗಿತ್ತು. ಶುಗರು ಅತ್ತೆಯ ವಿಷಯವಲ್ಲವೇ, ಮಿಸ್‌ಗೆ ಹೇಳಬಾರದೆಂದುಕೊಂಡಿದ್ದಳು.



ನಾದಿನಿ


ಆಗಸ್ಟ್ 30

ಕ್ಲಾಸ್ ಟೀಚರ್ ಅವರಿಗೆ,

ನನ್ನ ಮಗಳು ಇನ್ನು ಮುಂದೆ ಶಾಲೆಗೆ ಬರುವುದಿಲ್ಲ. ಅವಳ ನೀರಿನ ಬಾಟಲಿ ಕ್ಲಾಸಿನಲ್ಲೇ ಉಳಿದಿದೆಯಂತೆ, ಅವಳ ತಂದೆಯ ಕೈಯಲ್ಲಿ ಕೊಟ್ಟು ಕಳಿಸಬೇಕಾಗಿ ವಿನಂತಿ.

ವಿದ್ಯಾರ್ಥಿನಿಯ ತಾಯಿ


ಸೆಪ್ಟೆಂಬರ್ 12

ಅತ್ತಿಗೆಗೆ,

ಹಿಂದಿನ ಎರಡು ಕಾಗದಕ್ಕೆ ಉತ್ತರವಿಲ್ಲ. ಮನೆಗೆ ಬಂದರೆ ನೀವು ಮಲಗಿದ್ದೀರಿ ಎನ್ನುತ್ತಾರೆ ಅಣ್ಣ. ಒಳಗೆ ಪಾತ್ರೆಯ ಸದ್ದು ಕೇಳುತ್ತಿರುತ್ತದೆ. ಇರಲಿ. ನಾನೂ ನಿಮ್ಮ ಜಾಗದಲ್ಲಿದ್ದರೆ ಪಾತ್ರೆ ಎತ್ತಿ ಹಾಕುತ್ತಿದ್ದೆ.

ಹೆಡ್ ಸರ್ ತಾವೇ ಹೋಗಿ ಆಡಳಿತ ಮಂಡಳಿಯವರ ಮುಂದೆ ಕೂತು ಬಂದರು. ಆ ದಿನ ಬಾಗಿಲಲ್ಲಿ ನಿಂತು ಗುಂಡಿಯನ್ನು ನೋಡಿದ್ದರು. ನಿಯಮ ಬದಲಾಗಿದೆ. ಈಗ ಸೂಜಿ, ಪರೀಕ್ಷೆ, ಜ್ಯೂಸು ಏನಿದ್ದರೂ ಕ್ಲಾಸಿನಲ್ಲೇ ಆಗಬಹುದು. ತಂದೆತಾಯಿಯ ಒಪ್ಪಿಗೆ ಬರಹದಲ್ಲಿದ್ದರೆ ಸಾಕು. ಪಕ್ಕದ ಕ್ಲಾಸಿನ ಟೀಚರೂ ಬಂದು ನೋಡಿ ಕಲಿತುಕೊಂಡಿದ್ದಾರೆ, ನಾನು ರಜೆ ಹಾಕಿದರೂ ನಡೆಯುತ್ತದೆ. ಇನ್ನು ಗೇಟಿನಾಚೆ ಹೋಗಬೇಕಾದ್ದಿಲ್ಲ.

ಕೊಡೆ ತಾತ ದಿನಾ ಅವಳನ್ನು ಕೇಳುತ್ತಾರೆ. ಊರಿಗೆ ಹೋಗಿದ್ದಾಳೆ ಎಂದು ಹೇಳಿದ್ದೇನೆ.

ಕಳಿಸಿಕೊಡಿ.

ನಿಮ್ಮ ನಾದಿನಿ


ಸೆಪ್ಟೆಂಬರ್ 25

ಟೀಚರಮ್ಮನಿಗೆ,

ಗುಂಡಿ ಈಗ ಅಂಗಡಿಯಲ್ಲಿರುತ್ತಾಳೆ, ಕಟಿಂಗ್ ಟೇಬಲ್ಲಿನ ಕೆಳಗೆ ಚೂರುಬಟ್ಟೆಗಳ ನಡುವೆ. ನಿಮ್ಮಣ್ಣ ಕೊನೆಗೂ ಸೂಜಿ ಹಾಕಲು ಕಲಿತರು. ಕೋಟಿನ ಭುಜಕ್ಕೆ ಹಾಕುವ ಪ್ಯಾಡಿನ ಮೇಲೆ ಒಂದು ವಾರ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದರು. ಮೊದಲ ದಿನ ಮಗಳೇ ಅಪ್ಪನ ಬೆನ್ನು ಸವರಿ, "ಏನೂ ಆಗಲ್ಲ ಅಪ್ಪಾ, ಕಣ್ಣು ಮುಚ್ಚಬೇಡಿ" ಎಂದಳಂತೆ. ಗಿರಾಕಿಗಳು ಬಂದರೆ ದನಿ ತಗ್ಗಿಸಿ ಮಾತಾಡುತ್ತಾರೆ. ಬಿಸ್ಕತ್ತಿನ ಪೊಟ್ಟಣ ಕಂಡರೆ ಬಚ್ಚಿಡುತ್ತಾರೆ. ಅವಳನ್ನು ಒಂದು ಗಾಜಿನ ಸಾಮಾನು ಮಾಡಿ ಇಟ್ಟಿದ್ದೇವೆ, ನಾನೂ ಸೇರಿ.

ನಿನ್ನ ಮೇಲೆ ಸಿಟ್ಟಿತ್ತು. ಇನ್ನೂ ಸ್ವಲ್ಪ ಇದೆ. ಆ ಗೇಟಿನ ಮಾತನ್ನು ಕುಣಿಸಿ ಕುಣಿಸಿ ಬಾಯಿಪಾಠ ಮಾಡಿಸಿದ್ದು ನಾನೇ ಆದ್ದರಿಂದ ಎಲ್ಲವನ್ನೂ ನಿನ್ನ ತಲೆಗೆ ಕಟ್ಟಲು ಆಗುತ್ತಿಲ್ಲ.

ನಿಯಮ ಬದಲಾಗಿದೆ ಎನ್ನುತ್ತೀಯ. ಅವಳಿನ್ನೂ ಬದಲಾಗಿಲ್ಲ. ನಿನ್ನೆ ಕೂರಿಸಿಕೊಂಡು ಕೇಳಿದೆ.

"ಕ್ಲಾಸಲ್ಲಿ ನಡುಕ ಬಂದ್ರೆ ಮಿಸ್‌ಗೆ ಹೇಳ್ತೀಯಾ?"

ಇಲ್ಲವೆಂದು ತಲೆಯಾಡಿಸಿದಳು.

"ಯಾಕೆ?"

"ಮಿಸ್‌ಗೆ ಹೇಳಿದ್ರೆ ಮಿಸ್ಸೂ ಅತ್ತೆ ಆಗ್ಬಿಡ್ತಾರೆ."

ಅದೇನು ಎಂದು ಎಷ್ಟು ಕೇಳಿದರೂ ಬಿಡಿಸಿ ಹೇಳಲಿಲ್ಲ. ಹೇಳದವಳನ್ನು ಹೇಗೆ ಕಳಿಸಲಿ? ನಾನು ಬಸ್ಸಿನ ಗಾಜಿನ ಹಿಂದೆ ಕೂತಿರುತ್ತೇನೆ. ಇವಳು ಅಲ್ಲಿ ಹಲ್ಲು ಕಚ್ಚಿ ಬೆಲ್ಲಿಗೆ ಕಾಯುತ್ತಿರುತ್ತಾಳೆ.

ಅತ್ತಿಗೆ


ಅಕ್ಟೋಬರ್ 1

ಅತ್ತಿಗೆಗೆ,

ಹಾಗಿದ್ದರೆ ಒಂದು ಕೆಲಸ ಮಾಡೋಣ. ಪಕ್ಕದ ಕ್ಲಾಸಿನ ಟೀಚರಿಗೂ ನನಗೂ ಅದಲುಬದಲು ಮಾಡಿಕೊಡಿ ಎಂದು ಹೆಡ್ ಸರ್‌ನ ಕೇಳುತ್ತೇನೆ. ಆಗ ನಾನು ಅವಳಿಗೆ ಮಿಸ್ ಆಗಿರುವುದೇ ಇಲ್ಲ. ಗೇಟಿನೊಳಗೂ ಅತ್ತೆ, ಆಚೆಯೂ ಅತ್ತೆ. ಯಾವಾಗ ಬೇಕಾದರೂ ಓಡಿ ಬಂದು ಹೇಳಲಿ. ಕ್ಲಾಸು ಬಿಡುವುದು ನನಗೆ ಇಷ್ಟವಿಲ್ಲ, ಈ ಮಕ್ಕಳನ್ನು ಒಂದನೇ ಕ್ಲಾಸಿನಿಂದ ಕರೆತಂದವಳು ನಾನು. ಆದರೆ ಬಿಡುತ್ತೇನೆ.

ಅವಳನ್ನು ಕೇಳಿ ನೋಡಿ.

ನಿಮ್ಮ ನಾದಿನಿ


ಅಕ್ಟೋಬರ್ 4

ಟೀಚರಮ್ಮನಿಗೆ,

ಕೇಳಿದೆ. ಮನೆ ಹಾರಿಹೋಗುವ ಹಾಗೆ ಅತ್ತಳು. ಆಸ್ಪತ್ರೆಯಲ್ಲಿ ಅಷ್ಟು ಸೂಜಿ ಚುಚ್ಚಿದಾಗಲೂ ಹಾಗೆ ಅತ್ತಿರಲಿಲ್ಲ.

"ನಂಗೆ ಮಿಸ್ ಬೇಕು" ಎಂದು ಒಂದೇ ಹಟ. ಅಳು ನಿಂತ ಮೇಲೆ, ಬಿಕ್ಕುತ್ತಾ, "ಎಲ್ಲಾರೂ ನನ್ನ ಹತ್ರ ಮೆಲ್ಲಗೆ ಮಾತಾಡ್ತಾರೆ. ಮಿಸ್ ಮಾತ್ರ ಬೈತಾರೆ" ಎಂದಳು. ನಿಮ್ಮಣ್ಣ ಎದ್ದು ಹೊರಗೆ ಹೋದರು.

ನಮಗೆ ಇದು ಹೊಳೆದೇ ಇರಲಿಲ್ಲ ನೋಡು. ನೀನು ಕ್ಲಾಸು ಬಿಡಬೇಡ. ಮಿಸ್ ಆಗಿಯೇ ಇರು. ಸೋಮವಾರದಿಂದ ಕಳಿಸುತ್ತೇನೆ. ಒಪ್ಪಿಗೆಯ ಕಾಗದ ಇದರ ಜೊತೆಗಿದೆ.

ಅವಳು ಹೇಳುತ್ತೇನೆಂದು ಮಾತು ಕೊಟ್ಟಿಲ್ಲ, ಅದನ್ನು ತಿಳಿದುಕೊಂಡಿರು. ಗೋಗರೆದೆ, ಗದರಿಸಿದೆ, ಆಸೆ ತೋರಿಸಿದೆ. "ನೋಡೋಣ" ಎಂದಳು, ದೊಡ್ಡ ಸಾಹೇಬರ ಹಾಗೆ. ಪೀರಿಯಡ್ಡಿಗೊಮ್ಮೆ ಬೇಕಾದರೆ ಅವಳ ಕೈ ಮುಟ್ಟಿ ನೋಡು, ಬೇರೆ ಮಕ್ಕಳದೂ ಮುಟ್ಟು, ಅವಳಿಗೆ ಗೊತ್ತಾಗಬಾರದು. ನನಗೆ ಭಯವಾಗುತ್ತಿದೆ. ಭಯಪಟ್ಟುಕೊಂಡೇ ಕಳಿಸುತ್ತಿದ್ದೇನೆ.

ಅತ್ತಿಗೆ


ಅಕ್ಟೋಬರ್ 24

ಮಿಸ್‌ಗೆ,

ನನಗೆ ನಡುಕ ಬರ್ತಾ ಇದೆ. ಬೇಗ ಅತ್ತೆಗೆ ಹೇಳಿ.

ಇಂತಿ,
ಮೂರನೇ ಬೆಂಚು


ಅಕ್ಟೋಬರ್ 24

ಅತ್ತಿಗೆಗೆ,

ಇದರ ಜೊತೆಗಿರುವ ಚೀಟಿಯನ್ನು ಮೊದಲು ಓದಿ. ಲೆಕ್ಕದ ಪುಸ್ತಕದ ಹಾಳೆ ಹರಿದಿದ್ದಾಳೆ, ಅದಕ್ಕೆ ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಈ ಮೂರು ವಾರ ನಾನು ದಿನಾ ಎಲ್ಲ ಮಕ್ಕಳ ಕೈ ಮುಟ್ಟಿ ನೋಡಿದ್ದೇನೆ. ಮಿಸ್‌ಗೆ ಏನೋ ಆಗಿದೆ ಎಂದು ಮಕ್ಕಳು ಮನೆಗಳಲ್ಲಿ ಹೇಳಿದ್ದಾರಂತೆ. ಇವತ್ತು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದರೆ ಅವಳು ನನ್ನ ಮೇಜಿನ ಹತ್ತಿರ ನಿಂತಿದ್ದಳು. ಚೀಟಿ ಮೇಜಿನ ಮೇಲಿಟ್ಟು, ಕೈ ಹಿಂದೆ ಕಟ್ಟಿಕೊಂಡು, ನಾನು ಓದುವುದನ್ನೇ ನೋಡುತ್ತಿದ್ದಳು. ತುಟಿಯ ಮೇಲೆ ಸಣ್ಣಗೆ ಬೆವರಿತ್ತು.

ಓದಿದೆ. ಎತ್ತಿ ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡಿದ್ದರೆ ಕೆಲಸ ಕೆಡುತ್ತಿತ್ತು. ಚೀಟಿ ಮಡಿಸಿ, "ಸರಿ, ಹೇಳಿದೆ" ಎಂದೆ.

"ಅತ್ತೆ ಏನಂದ್ರು ಮಿಸ್?"

"ಇಲ್ಲೇ ಕೂತು, ಈಗಲೇ ಜ್ಯೂಸ್ ಕುಡೀಬೇಕಂತೆ."

ನನ್ನ ಕುರ್ಚಿಯಲ್ಲೇ ಕೂತು ಪೊಟ್ಟಣ ಪೂರ್ತಿ ಮುಗಿಸಿದಳು. ಬೆರಳು ಚುಚ್ಚಿ ನೋಡಿದೆ, ಕಾಯ್ದೆ, ಮತ್ತೆ ನೋಡಿದೆ. ಏರಿತ್ತು. ನಡುಕ ನಿಂತಿತು.

ಆಮೇಲೆ ಉಳಿದ ಲೆಕ್ಕ ಮಾಡಿಸಿದೆ. ಎರಡು ತಪ್ಪಿದ್ದವು. ಎಲ್ಲರ ಮುಂದೆ ಚೆನ್ನಾಗಿ ಬೈದೆ.

ನಿಮ್ಮ ನಾದಿನಿ